ಗೆಜ್ಜೆಗೂ ಜೋಮಿಗೂ ಒಂದೇ ‘ಝಣಝಣ’ ಸಾಕೇ?

ನಿಮ್ಮ ಕಥೆಯ ‘ಝಣಝಣ’ಕ್ಕೆ ಸಂಪಾದಕರು ಯಾಕೆ ಗುರುತು ಹಾಕಿದರು ಅಂತ ಕೇಳಿದ್ದೀರಿ. ಕಥೆಯಲ್ಲಿ ಗೆಜ್ಜೆಗೂ ಝಣಝಣ, ಜೋಮು ಹಿಡಿದ ಕಾಲಿಗೂ ಝಣಝಣ. ಅವರು ಗುರುತು ಹಾಕಿದ್ದು ಬಹುಶಃ ಇದಕ್ಕೇ. ಎರಡೂ ತಪ್ಪಲ್ಲ, ಆದರೆ ಅಕ್ಕಪಕ್ಕ ಬಂದರೆ ಕಾಲೇ ಸದ್ದು ಮಾಡಿದ ಹಾಗಾಗುತ್ತದೆ, ಅಲ್ವಾ?

ಮೊದಲು ಸದ್ದು ಬೇರೆ ಮಾಡಿ. ಗೆಜ್ಜೆಗೆ ಘಲ್ ಘಲ್, ಗಾಜಿನ ಬಳೆಗೆ ಕಿಣಿಕಿಣಿ. ಝಣಝಣ ಚಿಲ್ಲರೆ ಕಾಸಿಗಿರಲಿ.

ಆಮೇಲೆ ಮೈ. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ‘ಕಾಲು ಜೋಮು ಹಿಡಿದಿತ್ತು’ ಅಂದರೆ ಸಾಕು. ಪಾದ ಊರಿದ ಕೂಡಲೇ ಸೂಜಿ ಚುಚ್ಚಿದಂತಾಗುತ್ತದಲ್ಲ, ಅಲ್ಲಿ ‘ಜುಮುಜುಮು’ ಹಾಕಿ. ತರಚಿದ ಗಾಯಕ್ಕೆ ನೀರು ತಾಗಿದರೆ ಚುರುಚುರು. ‘ಮೈ ಜುಮ್ಮೆಂದಿತು’ ಭಯಕ್ಕೋ ಖುಷಿಗೋ ಇಟ್ಟುಕೊಳ್ಳಿ, ಜೋಮಿಗೆ ಬೇಡ.

ಊರಿಂದ ಊರಿಗೆ ಇವು ಸ್ವಲ್ಪ ಬದಲಾಗಬಹುದು. ಪಾತ್ರ ಯಾವ ಕಡೆಯದೋ ಆ ಕಡೆಯವರಿಗೆ ಆ ಸಾಲು ಒಮ್ಮೆ ಓದಿ ಹೇಳಿ.