ತೋಟದ ಮೇಲೆ ಸಾಲ ತೆಗೆಯುವ ಮುಂಚೆ

*ಮಗ ಬಿ.ಕಾಂ. ಮುಗಿಸಿದ್ದಾನೆ. ಡೈರೆಕ್ಟರ್ ಆಗಬೇಕಂತೆ. ಬೆಂಗಳೂರಿನ ಖಾಸಗಿ ಫಿಲ್ಮ್ ಸ್ಕೂಲೊಂದರಲ್ಲಿ ವರ್ಷಕ್ಕೆ 5 ಲಕ್ಷ ಕೇಳುತ್ತಿದ್ದಾರೆ. ತೆಂಗಿನ ತೋಟದ ಮೇಲೆ ಸಾಲ ತೆಗೆಯಲೋ ಬೇಡವೋ?*
– ಓದುಗರೊಬ್ಬರು, ತಿಪಟೂರು

ಯಜಮಾನರೇ, ಸದ್ಯಕ್ಕೆ ಬೇಡ. ಹಾಗಂತ ಫಿಲ್ಮ್ ಸ್ಕೂಲೇ ದಂಡ ಅಂತ ನಾನು ಹೇಳುತ್ತಿಲ್ಲ.

ನಿಮ್ಮೂರಿನ ನರಸಿಂಹರಾಜು ಯಾವ ಫಿಲ್ಮ್ ಸ್ಕೂಲಿಗೂ ಹೋದವರಲ್ಲ. ಅವರೂ ರಾಜ್‌ಕುಮಾರ್ ಅವರೂ ಪಳಗಿದ್ದು ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ. ಪುಟ್ಟಣ್ಣ ಕಣಗಾಲ್ ಕಲಿತದ್ದು ಬಿ.ಆರ್. ಪಂತುಲು ಅವರ ಕೈಕೆಳಗೆ. ಆದರೆ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಓದಿದವರು. 2008ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಡೈರೆಕ್ಟರ್ ಗಿರೀಶ ಕಾಸರವಳ್ಳಿ ಪುಣೆಯ ಸರ್ಕಾರಿ ಫಿಲ್ಮ್ ಸಂಸ್ಥೆಯಲ್ಲಿ (ಎಫ್.ಟಿ.ಐ.ಐ.) ಓದಿದರು. ಹೀಗೆ ಎರಡೂ ಕಡೆ ಹೆಸರು ಎಣಿಸುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ.

ಹುಡುಗನನ್ನು ಕೂರಿಸಿಕೊಂಡು ಒಂದು ಮಾತು ಕೇಳಿ: ಕ್ಯಾಮೆರಾ, ಸೌಂಡ್ ಬೇಕಾ, ಡೈರೆಕ್ಷನ್ನೇ ಬೇಕಾ? ಮೊದಲೆರಡು ಕೈಕೆಲಸ. ಲೆನ್ಸು, ಲೈಟು, ಮೈಕು ದಿನಾ ಮುಟ್ಟಬೇಕು, ತಪ್ಪಿದಾಗ ಬೈಯುವ ಮೇಷ್ಟ್ರು ಪಕ್ಕದಲ್ಲಿರಬೇಕು. ಅದಕ್ಕೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲೇ ಡಿಪ್ಲೊಮಾ ಇದೆ. ಮೂರ್ತಿ ಓದಿದ ಎಸ್.ಜೆ. ಪಾಲಿಟೆಕ್ನಿಕ್‌ನ ಆ ಹಳೆಯ ಸಿನಿಮಾ ವಿಭಾಗವೇ ಈಗ ಅಲ್ಲಿರುವುದು. ಡೈರೆಕ್ಷನ್ ಆದರೆ ಸರ್ಟಿಫಿಕೇಟ್ ನೋಡಿ ದುಡ್ಡು ಹಾಕುವ ನಿರ್ಮಾಪಕ ನನಗಂತೂ ಸಿಕ್ಕಿಲ್ಲ. ಏನು ಮಾಡಿದ್ದೀಯ ತೋರಿಸು ಅಂತಾರೆ.

ಸ್ಕೂಲಿನ ನಿಜವಾದ ಲಾಭ ಜೊತೆಯವರು. ಇವನ ಕಥೆಗೆ ಅವನು ಕ್ಯಾಮೆರಾ ಹಿಡಿಯುತ್ತಾನೆ, ಇನ್ನೊಬ್ಬ ಎಡಿಟಿಂಗಿಗೆ ಕೂರುತ್ತಾನೆ. ಎಂ.ಬಿ.ಬಿ.ಎಸ್. ಮುಗಿಸಿದ್ದ ಚಿದಾನಂದ ನಾಯ್ಕ್ ಪುಣೆ ಸಂಸ್ಥೆಯಲ್ಲಿ ಒಂದು ವರ್ಷದ ಕೋರ್ಸ್ ಮಾಡಿದರು. ಅಲ್ಲಿ ನಾಲ್ಕೇ ದಿನದಲ್ಲಿ ಚಿತ್ರೀಕರಿಸಿದ ಅವರ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಸ್ಕೂಲಿನಲ್ಲಿ ಇರದಿದ್ದರೆ ಆ ವಿಭಾಗಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ! ಪುಣೆಯಲ್ಲಿ ಡೈರೆಕ್ಷನ್ನಿಗೆ ಯಾವುದಾದರೂ ಡಿಗ್ರಿ ಆಗಿದ್ದರೆ ಸಾಕು. ನಿಮ್ಮ ಮಗನ ಬಿ.ಕಾಂ. ಆಗುತ್ತದೆ. ಸೀಟು ಸಿಗುವುದು ಕಷ್ಟ, ಆದರೂ ಮೊದಲು ಅಲ್ಲಿನ ಪ್ರವೇಶ ಪರೀಕ್ಷೆ ಬರೆಯಲಿ.

ಖಾಸಗಿಯವರ ಬಗ್ಗೆ ನನಗೆ ಸ್ವಲ್ಪ ಕಹಿ ಇದೆ, ಮುಚ್ಚಿಡುವುದಿಲ್ಲ. ಹಿಂದೆ ನಾನೂ ಒಂದು ಕಡೆ ಆರು ತಿಂಗಳ ಫೀಸು ಕಟ್ಟಿದ್ದೆ. ಮೂವತ್ತು ಜನಕ್ಕೆ ಒಂದು ಕ್ಯಾಮೆರಾ. ನನ್ನ ಸರದಿ ಬಂದಾಗ ಬ್ಯಾಟರಿ ಇರಲಿಲ್ಲ. ಹಾಗಾಗಿ ನಿಮ್ಮನ್ನು 5 ಲಕ್ಷ ಕೇಳುತ್ತಿರುವ ಸ್ಕೂಲಿಗೆ ಹೋದರೆ ಗೋಡೆ ಮೇಲಿನ ನಟರ ಫೋಟೊ ನೋಡಬೇಡಿ. ಹುಡುಗನ ಕೈಗೆ ಕ್ಯಾಮೆರಾ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ ಅಂತ ಕೇಳಿ. ಹೋದ ವರ್ಷದ ಮಕ್ಕಳು ಮಾಡಿದ ಚಿತ್ರ ಹಾಕಿ ತೋರಿಸಲಿ. ತಡವರಿಸಿದರೆ ಎದ್ದು ಬನ್ನಿ.

ಅಷ್ಟರೊಳಗೆ ಒಂದು ಕೆಲಸ. ಎ.ಪಿ.ಎಂ.ಸಿ.ಗೆ ಕೊಬ್ಬರಿ ತರುವ ಒಬ್ಬ ರೈತನ ಒಂದು ದಿನವನ್ನು ಫೋನಿನಲ್ಲೇ ಐದು ನಿಮಿಷದ ಚಿತ್ರ ಮಾಡಿ ನಿಮಗೆ ತೋರಿಸಲಿ. ಮಾತನ್ನು ಮಾತ್ರ ಇನ್ನೊಂದು ಫೋನಿನಲ್ಲಿ ಹತ್ತಿರದಿಂದ ರೆಕಾರ್ಡ್ ಮಾಡಿಕೊಳ್ಳಲಿ. ಹೊಸಬರ ಚಿತ್ರ ಜಾಸ್ತಿ ಕೆಡುವುದು ಅಲ್ಲೇ.

– ಸಂ.