ಮಿನಿಬಸ್ಸಿನಿಂದ ಮಾಡಿದ ಮೋಟಾರ್‌ಹೋಮ್: ಆರ್‌ಸಿಯಲ್ಲಿರುವ ಒಟ್ಟು ತೂಕವನ್ನು ಹೆಚ್ಚಿಸಿಕೊಳ್ಳಬಹುದೇ?

ಉಡುಪಿಯಿಂದ ನೀವು ಕೇಳಿರುವುದು ಇಷ್ಟು: ಮಿನಿಬಸ್ಸೊಂದನ್ನು ಮೋಟಾರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆ, ಮಾಡಿಸಿದ್ದೀರಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಒಟ್ಟು ತೂಕ, ಅಂದರೆ ಎಲ್ಲ ತುಂಬಿದ ಮೇಲೂ ಗಾಡಿ ಮೀರಬಾರದ ತೂಕ, 4,000 ಕೆ.ಜಿ. ಎಂದಿದೆ. ನೀರು, ಗ್ಯಾಸ್, ಮನೆಮಂದಿ ಎಲ್ಲ ಸೇರಿದರೆ 4,300 ದಾಟಬಹುದೆಂಬ ಅಂದಾಜು ನಿಮ್ಮದು. ಬ್ರಿಟನ್ನಿನವರು ಏರ್ ಸ್ಪ್ರಿಂಗ್ (ಗಾಳಿ ತುಂಬುವ ಸ್ಪ್ರಿಂಗ್) ಹಾಕಿಸಿ, ಅರ್ಜಿ ಕೊಟ್ಟು ಈ ಅಂಕಿಯನ್ನು ಏರಿಸಿಕೊಳ್ಳುವುದನ್ನು ವಿಡಿಯೊದಲ್ಲಿ ನೋಡಿದ್ದೀರಿ. ಇಲ್ಲಿಯೂ ಹಾಗೆ ಮಾಡಬಹುದೇ ಎಂಬುದು ಪ್ರಶ್ನೆ.

ನಾನು ಬೈಕಂಪಾಡಿಯಲ್ಲಿ ವಾಹನಗಳಿಗೆ ಬಾಡಿ ಕಟ್ಟುವ ಕೆಲಸದಲ್ಲಿದ್ದೇನೆ. ಆಗುವುದಿಲ್ಲ ಎಂದೇ ಇಟ್ಟುಕೊಂಡು ಮುಂದಿನ ಯೋಚನೆ ಮಾಡಿ. ನೀವು ಇಳಿಸಬೇಕಾದದ್ದು ಗಾಡಿಯ ತೂಕವನ್ನು, ಏರಿಸಬೇಕಾದದ್ದು ಆರ್‌ಸಿಯ ಅಂಕಿಯನ್ನಲ್ಲ.

ಬ್ರಿಟನ್ನಿನಲ್ಲಿ ಅದು ನಡೆಯುವುದಕ್ಕೆ ಕಾರಣವೇ ಬೇರೆ. ಅಲ್ಲಿ 1997ರ ಜನವರಿ 1ರ ನಂತರ ಕಾರಿನ ಪರೀಕ್ಷೆ ಪಾಸಾದವರು ಆ ಪರವಾನಗಿಯಲ್ಲಿ ಸಾಮಾನ್ಯವಾಗಿ 3,500 ಕೆ.ಜಿ.ವರೆಗಿನ ವಾಹನವನ್ನಷ್ಟೇ ಓಡಿಸಬಹುದು. ಹಾಗಾಗಿ ಇನ್ನೂ ಹೆಚ್ಚು ಹೊರಬಲ್ಲ ಚಾಸಿಯೂ 3,500 ಎಂದೇ ಮಾರಾಟವಾಗುತ್ತದೆ. ಫಿಯೆಟ್ ಡುಕಾಟೊ ಮೇಲೆ ಕಟ್ಟಿದ ಎಷ್ಟೋ ಮೋಟಾರ್‌ಹೋಮ್‌ಗಳಲ್ಲಿ ಮುಂದಿನ ಆಕ್ಸಲ್‌ಗೆ 1,850, ಹಿಂದಿನದಕ್ಕೆ 2,000 ಕೆ.ಜಿ. ಮಿತಿ ಇರುತ್ತದೆ. ಕೂಡಿಸಿದರೆ 3,850. ಅಂದರೆ 350 ಕೆ.ಜಿ. ತಾಕತ್ತು ಗಾಡಿಯಲ್ಲಿ ಮೊದಲೇ ಇದೆ, ಪರವಾನಗಿಯ ಕಾರಣಕ್ಕೆ ಕಾಗದದಲ್ಲಿ ಕಾಣುತ್ತಿಲ್ಲ ಅಷ್ಟೇ. ಅರ್ಜಿ ಕೊಟ್ಟವರು ಅದನ್ನೇ ಕಾಗದಕ್ಕೆ ತರಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಲಘು ಮೋಟಾರು ವಾಹನದ ಮಿತಿ 7,500 ಕೆ.ಜಿ. ಸಾರಿಗೆ ವಾಹನವಾದರೂ ಅಷ್ಟರವರೆಗೆ ಎಲ್‌ಎಂವಿ ಪರವಾನಗಿ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ನಾಲ್ಕು ಟನ್ನಿನ ಗಾಡಿಯ ಅಂಕಿಯನ್ನು ಪರವಾನಗಿಗೋಸ್ಕರ ತಗ್ಗಿಸುವ ಅಗತ್ಯ ಇಲ್ಲಿ ಯಾವ ತಯಾರಕರಿಗೂ ಇಲ್ಲ. ಆದ್ದರಿಂದ ನಿಮ್ಮ ಆರ್‌ಸಿಯಲ್ಲಿರುವ 4,000 ಎಂಬುದನ್ನು ಆ ಆಕ್ಸಲ್, ಬ್ರೇಕ್, ಟೈರುಗಳ ನಿಜವಾದ ಮಿತಿ ಎಂದೇ ನಾನು ಓದುತ್ತೇನೆ.

ಕಾನೂನೂ ಅದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಹೆಚ್ಚಿನ ತೂಕಕ್ಕೆ ತಯಾರಕರೇ ಹೊಣೆ ಹೊತ್ತು, ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆ ಒಪ್ಪಿದರೆ ಮಾತು ಬೇರೆ. ಒಂದೇ ಒಂದು ಗಾಡಿಗಾಗಿ ಅಷ್ಟು ಖರ್ಚು, ಓಡಾಟ ಯಾರಿಗೂ ಪೂರೈಸುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರವೇ ಆಕ್ಸಲ್ ತೂಕ ಏರಿಸಿತಲ್ಲ ಎಂದು ಕೆಲವರು ವಾದಿಸುತ್ತಾರೆ. ನಾಲ್ಕು ಟೈರಿನ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆದದ್ದು ನಿಜ. ಅದು ಲಾರಿಗಳ ಮಾತು, ನಿಮ್ಮ ಮಿನಿಬಸ್ಸಿನ ಆಕ್ಸಲ್ ಆ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ.

ಲೀಫ್ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚಿಗೆ ಸೇರಿಸಿದರೆ ಸಾಕು ಎಂದು ಹೇಳುವವರು ಊರೂರಿಗೂ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಪ್ಲೇಟ್ ಸೇರಿಸಿದರೂ ಏರ್ ಸ್ಪ್ರಿಂಗ್ ಹಾಕಿದರೂ ಕುಸಿದ ಹಿಂಭಾಗ ಮೇಲೇಳುತ್ತದೆ, ಗಾಡಿ ನೋಡಲು ಸರಿಯಾಗಿ ಕಾಣುತ್ತದೆ. ಬ್ರೇಕ್ ಡ್ರಮ್ ಮಾತ್ರ ಮೊದಲಿನದೇ, ಬೇರಿಂಗ್ ಮೊದಲಿನದೇ. ಟೈರಿನ ಬದಿಯಲ್ಲಿ 112/110 ಎಂದು ಬರೆದಿದ್ದರೆ ಆ ಟೈರು ಒಂಟಿಯಾಗಿ 1,120, ಜೋಡಿಯಲ್ಲಿ ತಲಾ 1,060 ಕೆ.ಜಿ. ಹೊರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಆಗುಂಬೆಯ ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯುವಾಗ ಕಾದ ಬ್ರೇಕಿಗೆ ಹೆಚ್ಚುವರಿ 300 ಕೆ.ಜಿ. ಏನು ಮಾಡುತ್ತದೆ ಎಂಬುದನ್ನು ಯಾವ ಸ್ಪ್ರಿಂಗೂ ಬದಲಿಸಲಾರದು.

ಈಗ ಮಾಡಬೇಕಾದ ಕೆಲಸ. ಅಂದಾಜು ಬಿಟ್ಟು ತೂಗಿಸಿ. ಡೀಸೆಲ್, ನೀರು, ಸಿಲಿಂಡರ್ ತುಂಬಿಸಿ, ಜೊತೆಗೆ ಬರುವವರನ್ನೆಲ್ಲ ಕೂರಿಸಿಕೊಂಡು ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ಹತ್ತಿಸಿ ತೂಗಿಸಿ, ಆಮೇಲೆ ಇಡೀ ಗಾಡಿಯನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ. ಗಾಡಿಯ ಅರ್ಧ ಹೊರಗಿರುವಾಗ ತಟ್ಟೆಯೂ ನೆಲವೂ ಒಂದೇ ಮಟ್ಟದಲ್ಲಿರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದು ಮೋಟಾರ್‌ಹೋಮ್‌ಗಳಲ್ಲಿ ತೀರ ಸಾಮಾನ್ಯ.

ಅದಕ್ಕೆ ನೀರಿನ ಟ್ಯಾಂಕೇ ಹೆಚ್ಚಾಗಿ ಕಾರಣ. ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ಅಂತರ, ಮೂರೂವರೆ ಮೀಟರ್ ಎಂದುಕೊಳ್ಳಿ. 200 ಲೀಟರ್ ಟ್ಯಾಂಕನ್ನು ಹಿಂದಿನ ಆಕ್ಸಲ್‌ನಿಂದ ಇನ್ನೂ ಒಂದು ಮೀಟರ್ ಹಿಂದಕ್ಕೆ ಕೂರಿಸಿದರೆ ಆ ಆಕ್ಸಲ್ ಮೇಲೆ ಬೀಳುವುದು 200 ಅಲ್ಲ, ಸುಮಾರು 257 ಕೆ.ಜಿ. ಆ 57 ಕೆ.ಜಿ. ಮುಂದಿನ ಚಕ್ರಗಳಿಂದ ಎತ್ತಿಕೊಂಡದ್ದು. ಆಟಿಯ ಮಳೆಯಲ್ಲಿ ಶಿರಾಡಿ ಘಾಟಿಯ ಒದ್ದೆ ರಸ್ತೆಯಲ್ಲಿ ಸ್ಟಿಯರಿಂಗ್ ಹಗುರಾಗುವುದು ಇದರಿಂದಲೇ. ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ತನ್ನಿ. 60 ಲೀಟರ್ ತುಂಬಿಸಿಕೊಂಡು ಹೊರಡಿ, ಕರಾವಳಿಯಲ್ಲೂ ಮಲೆನಾಡಿನಲ್ಲೂ ನೀರಿಗೆ ಬರವಿಲ್ಲ.

ಒಳಗಿನ ಮರಗೆಲಸವನ್ನೂ ನೋಡಿ. ನಮ್ಮ ಬಡಗಿಗಳು ಮನೆಯ ಕಪಾಟಿನಂತೆಯೇ 18 ಎಂ.ಎಂ. ಪ್ಲೈವುಡ್ ಹಾಕಿಬಿಡುತ್ತಾರೆ, ಎಂಟಡಿ ನಾಲ್ಕಡಿಯ ಒಂದು ಹಾಳೆಯೇ ಸುಮಾರು 35 ಕೆ.ಜಿ. ಭಾರ ಬೀಳದ ಕಡೆ 9 ಎಂ.ಎಂ. ಧಾರಾಳ ಸಾಕು. ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿಸಿದ್ದರೆ ಇಂದೇ ತೆಗೆಸಿ, 20 ಎಂ.ಎಂ. ಕಲ್ಲು ಚದರ ಮೀಟರಿಗೆ 50 ಕೆ.ಜಿ. ಮೀರುತ್ತದೆ. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯ ಬದಲು ಲಿಥಿಯಂ ಹಾಕಿದರೆ ಒಂದೊಂದರಲ್ಲೂ 30 ಕೆ.ಜಿ.ಯಷ್ಟು ಉಳಿಯುತ್ತದೆ. ದುಬಾರಿ ನಿಜ, ಕೊನೆಗೆ ಮಾಡಿದರೂ ಆದೀತು. ಮನೆಯ 14.2 ಕೆ.ಜಿ. ಸಿಲಿಂಡರ್ ತುಂಬಿದಾಗ 30 ಕೆ.ಜಿ. ತೂಗುತ್ತದೆ, 5 ಕೆ.ಜಿ.ಯದನ್ನು ಒಯ್ಯಿರಿ. ನೀರಿನಲ್ಲೇ 140 ಇಳಿದಿದೆ. ಹೀಗೆ ಹುಡುಕಿದರೆ 300 ಕೆ.ಜಿ. ಸಿಗದಿರುವುದು ಅಪರೂಪ.

ಮಿತಿ ಮೀರಿ ಓಡಿಸಿದರೆ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ 2,000 ಬೇರೆ, ಭಾರವನ್ನು ಅಲ್ಲೇ ಇಳಿಸಲೂ ಹೇಳಬಹುದು. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ಕೆದಕುವುದೂ ಇದನ್ನೇ. ಅಂದ ಹಾಗೆ, ಮಿನಿಬಸ್ಸು ಮೋಟಾರ್‌ಹೋಮ್ ಆದದ್ದು ಆರ್‌ಸಿಯಲ್ಲಿ ದಾಖಲಾಗಿದೆಯೇ? ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ದಾಖಲಾಗಿಲ್ಲದಿದ್ದರೆ ತೂಕದ ಮಾತಿಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಅದನ್ನು ವಿಚಾರಿಸಿ.

ವೇ ಬ್ರಿಡ್ಜ್‌ನ ಮೂರು ಅಂಕಿಗಳು, ವೀಲ್‌ಬೇಸ್, ಟ್ಯಾಂಕ್ ಇರುವ ಜಾಗ, ಇಷ್ಟನ್ನು ಇಲ್ಲಿ ಬರೆಯಿರಿ. ಯಾವುದನ್ನು ಎಲ್ಲಿಗೆ ಸರಿಸಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.