‘ಹಗುರವಾದ ಬಾಗಿಲು’ ಲೇಖನವನ್ನು ಹಿಂದಿರುಗಿಸುತ್ತಾ

ಮಾನ್ಯರೇ,

ವಿಮಾನದ ಬಾಗಿಲನ್ನು ಹಗುರಗೊಳಿಸುವ ಬಗೆ ಕುರಿತು ತೀರ್ಥಹಳ್ಳಿಯಿಂದ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಮೊದಲ ಒಂದೂವರೆ ಪುಟ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ವರ್ಣನೆಗೇ ಹೋಗಿದೆ. 2023ರಲ್ಲಿ ಉದ್ಘಾಟನೆಯಾದ ಆ ಕಮಲಾಕಾರದ ಕಟ್ಟಡ ನಮ್ಮ ಓದುಗರಿಗೆ ಹೊಸದಲ್ಲ. ಅಷ್ಟನ್ನೂ ತೆಗೆಯಿರಿ.

ಇದಕ್ಕಿಂತ ದೊಡ್ಡ ದೋಷ ‘ಬಲವಾದ ಅಗುಳಿಯೇ ಬಾಗಿಲನ್ನು ಹಿಡಿದಿಡುತ್ತದೆ’ ಎಂಬ ನಿಮ್ಮ ವಾಕ್ಯದಲ್ಲಿದೆ. ನಮ್ಮ ಹಳೆಯ ಕೆರೆಗಳ ತೂಬನ್ನು ನೆನಪಿಸಿಕೊಳ್ಳಿ: ಬಿರಡೆ ಇರುವುದು ನೀರಿನ ಕಡೆಗೆ, ಆದ್ದರಿಂದ ಕೆರೆ ತುಂಬಿದಷ್ಟೂ ಅದು ಬಿಗಿಯಾಗಿ ಕೂರುತ್ತದೆ. ಪ್ರಯಾಣಿಕರ ಬಾಗಿಲಿನ ತತ್ತ್ವವೂ ಇದೇ. ಒಳಗಿನ ಗಾಳಿ ಅದನ್ನು ಚೌಕಟ್ಟಿನ ಸ್ಟಾಪ್‌ಗಳಿಗೆ, ಅಂದರೆ ಬಾಗಿಲು ಹೊರಕ್ಕೆ ಹೋಗದಂತೆ ತಡೆಯುವ ಗಟ್ಟಿ ಆನಿಕೆಗಳಿಗೆ, ಒತ್ತಿ ಹಿಡಿಯುತ್ತದೆ. ಹೊರಕ್ಕೆ ತೆರೆಯುವ ಸರಕು ಬಾಗಿಲುಗಳ ಮಾತು ಬೇರೆ, ಅಲ್ಲಿ ಲಾಚ್‌ಗಳೇ, ಅಂದರೆ ಅಗುಳಿಗಳೇ, ಭಾರ ಹೊರಬೇಕು. 1974ರಲ್ಲಿ ಪ್ಯಾರಿಸ್ ಸಮೀಪ ಒಂದು ಡಿಸಿ-10 ವಿಮಾನದ ಅಂಥ ಬಾಗಿಲು ಸರಿಯಾಗಿ ಕೂರದೆ ಕಿತ್ತುಹೋದಾಗ ಮೇಲಿನ ನೆಲ ಕುಸಿದು, ನಿಯಂತ್ರಣದ ತಂತಿಗಳು ತುಂಡಾಗಿ, 346 ಜನ ಸತ್ತರು. ನೀವು ಎರಡೂ ಬಗೆಯನ್ನು ಒಂದೇ ಎಂಬಂತೆ ಬರೆದಿದ್ದೀರಿ.

ಲೆಕ್ಕವಂತೂ ಇಲ್ಲವೇ ಇಲ್ಲ. ಒಳಹೊರಗಿನ ಒತ್ತಡದ ಅಂತರ ಚದರ ಅಂಗುಲಕ್ಕೆ ಸುಮಾರು 8 ಪೌಂಡ್ ಎಂದಿಟ್ಟುಕೊಂಡರೆ, 180 ಸೆಂ.ಮೀ. ಎತ್ತರ, 85 ಸೆಂ.ಮೀ. ಅಗಲದ ಬಾಗಿಲಿನ ಮೇಲೆ ಎಂಟೂವರೆ ಟನ್‌ನಷ್ಟು ಬಲ ಬೀಳುತ್ತದೆ. ಹೊರ ತಗಡು ಅದನ್ನು ಅಡ್ಡ ತೊಲೆಗಳಿಗೂ, ತೊಲೆಗಳು ಅಂಚಿನ ಸ್ಟಾಪ್‌ಗಳಿಗೂ ದಾಟಿಸುತ್ತವೆ. ಹನ್ನೆರಡು ಸ್ಟಾಪ್‌ಗಳಿದ್ದರೆ ಒಂದೊಂದರ ಪಾಲಿಗೆ ಸುಮಾರು 700 ಕಿಲೋ. ಆದರೆ ಪಾಲು ಸಮನಾಗಿ ಹಂಚಿಕೆಯಾಗುವುದಿಲ್ಲ: ಒಂದು ಸ್ಟಾಪ್ ಕೂದಲೆಳೆಯಷ್ಟು ಹಿಂದಿದ್ದರೂ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ. ಒತ್ತಡಕ್ಕೆ ವಿಮಾನದ ಒಡಲು ಉಬ್ಬಿದಾಗ ಚೌಕಟ್ಟೂ ತುಸು ಬಾಗುವುದರಿಂದ ಬಾಗಿಲಿಗೆ ಗಟ್ಟಿತನದ ಜೊತೆಗೆ ಬಿಗುವೂ ಬೇಕು, ತೂಕ ಸೇರಿಕೊಳ್ಳುವುದು ಅಲ್ಲಿಯೇ. ಹೀಗಿರುವಾಗ ‘ಕಾರ್ಬನ್ ನಾರು ಬಳಸಿದರೆ ತೂಕ ಅರ್ಧವಾಗುತ್ತದೆ’ ಎಂಬ ಮಾತನ್ನು ಯಾವ ಆಧಾರದ ಮೇಲೆ ಬರೆದಿರಿ? ತಗಡನ್ನಷ್ಟೇ ಬದಲಿಸಿದರೆ ತೊಲೆಗಳ, ಸ್ಟಾಪ್‌ಗಳ, ಲಾಚ್‌ಗಳ ತೂಕ ಹಾಗೆಯೇ ಉಳಿಯುತ್ತದೆ. ಬಾಗಿಲಿಗಾಗಿ ಒಡಲಿನಲ್ಲಿ ಕೊರೆದ ಕಿಂಡಿಯ ಸುತ್ತ ಸೇರಿಸುವ ಬಲವರ್ಧನೆಯ ತೂಕವನ್ನೂ ನೀವು ಎಲ್ಲಿಯೂ ಎಣಿಸಿಲ್ಲ.

ಭಾಷೆ ಚೆನ್ನಾಗಿದೆ, ಬಾಗಿಲು ಮೊದಲು ತುಸು ಮೇಲಕ್ಕೆದ್ದು, ಸ್ಟಾಪ್‌ಗಳಿಂದ ಬಿಡಿಸಿಕೊಂಡು, ಆಮೇಲೆ ಹೊರಕ್ಕೆ ಸರಿಯುವುದನ್ನು ವಿವರಿಸಿದ ಭಾಗವನ್ನು ನಾನು ಮುಟ್ಟುವುದೂ ಇಲ್ಲ. ಲೇಖನವನ್ನು ಅಲ್ಲಿಂದಲೇ ಆರಂಭಿಸಿ, ಒಂದು ಸ್ಟಾಪಿನ ಅಡ್ಡಸೀಳಿನ ಚಿತ್ರವನ್ನು ಕೈಯಲ್ಲಿ ಬರೆದು ಸೇರಿಸಿ, ಮತ್ತೆ ಕಳುಹಿಸಿ.

ಸಂಪಾದಕ